ಷಡ್ಜ ಎಲ್ಲಿದೆ, ಮೊದಲು ಹೇಳಿ

ನಮ್ಮ ಮನೆಯ ಅಟ್ಟದ ಮೇಲೆ ಮೂರು ವರ್ಷ ಒಂದು ಕೀಬೋರ್ಡು ಹಳೆಯ ದುಪ್ಪಟಿ ಹೊದ್ದು ಮಲಗಿತ್ತು. ಅದನ್ನು ಅಲ್ಲಿಗೆ ಹತ್ತಿಸಿದ್ದು ನನ್ನ ಮಾತೇ.

ಆಗ ಮಗಳು ಒಂಬತ್ತನೆಯ ತರಗತಿ. ಭಾನುವಾರ ಬಂತೆಂದರೆ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಬಸ್ಸಿನಲ್ಲಿ ಹೋಗಿ ಪಾಶ್ಚಾತ್ಯ ಸಂಗೀತ ಕಲಿತು ಬರುತ್ತಿದ್ದಳು. ಬಾಖ್ ಬರೆದ ಒಂದು ಸಣ್ಣ ಕೃತಿ ನಡೆಯುತ್ತಿತ್ತು. ಶುರು ಮಾಡಿದರೆ ನೀರು ಹರಿದಂತೆ ಹೋಗುತ್ತಿತ್ತು. ಆದರೆ ಒಂದು ಜಾಗಕ್ಕೆ ಬಂದೊಡನೆ ಬೆರಳು ನಿಂತುಬಿಡುವುದು. ಮತ್ತೆ ಮೊದಲಿನಿಂದ, ಮತ್ತೆ ಅದೇ ಜಾಗ. ನಾನು ಅಡುಗೆಮನೆಯಿಂದಲೇ ಕೂಗುತ್ತಿದ್ದೆ: “ಸಾಧನೆ ಸಾಲದು. ಇನ್ನೂ ಹತ್ತು ಸಲ ಬಾರಿಸು.” ಹತ್ತಲ್ಲ, ನೂರು ಸಲ ಬಾರಿಸಿದಳು. ಕೊನೆಗೊಂದು ದಿನ ಪುಸ್ತಕ ಮುಚ್ಚಿ, “ನಂಗೆ ಬರಲ್ಲಮ್ಮ” ಎಂದಳು. “ಹಾಗಾದ್ರೆ ಬಿಡು, ದುಡ್ಡು ದಂಡ” ಎಂದೆ ನಾನು.

ಮಗಳು ಓದಲು ಬೆಂಗಳೂರಿಗೆ ಹೋದ ಮೇಲೆ ಮನೆ ಖಾಲಿ ಎನಿಸಿ ಕೀಬೋರ್ಡನ್ನು ಕೆಳಗಿಳಿಸಿದೆ. ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತದ ಜೂನಿಯರ್ ಪರೀಕ್ಷೆ ಪಾಸು ಮಾಡಿದವಳು ನಾನು. ಸಪ್ತಸ್ವರ ಬಲ್ಲವರಿಗೆ ಪಿಯಾನೊ ಏನು ಮಹಾ ಎಂಬ ಜಂಬವಿತ್ತು. ಅವಳ ಪುಸ್ತಕವನ್ನೇ ತೆರೆದೆ, ಅದೇ ಕೃತಿಯನ್ನು ಹಿಡಿದೆ. ನಾಲ್ಕು ತಿಂಗಳು ಬೆರಳು ಸವೆಸಿದ ಮೇಲೆ ಒಂದು ಸಂಜೆ ಗೆಳತಿಯ ಮನೆಯಲ್ಲಿ ಹತ್ತು ಜನರ ಮುಂದೆ ನುಡಿಸಲು ಕೂತೆ. ನಿಂತೆ. ಮೊದಲಿನಿಂದ ಹೊರಟೆ, ಮತ್ತೆ ನಿಂತೆ. ಮೂರನೆಯ ಸಲಕ್ಕೆ ಯಾರೋ ಕಾಫಿ ತಂದು ನನ್ನ ಮಾನ ಉಳಿಸಿದರು. ನಾನು ನಿಂತದ್ದು ಮಗಳು ನಿಲ್ಲುತ್ತಿದ್ದ ಜಾಗದಲ್ಲೇ!

ಮುಂದಿನ ಭಾನುವಾರ ನಾನೂ ಶಿವಮೊಗ್ಗದ ಬಸ್ಸು ಹತ್ತಿದೆ. ಅಲ್ಲಿ ಪಿಯಾನೊ ಹೇಳಿಕೊಡುವ ವಯಸ್ಸಾದ ಮೇಷ್ಟ್ರೊಬ್ಬರಿದ್ದಾರೆ. ನನ್ನ ಕಥೆ ಕೇಳಿ ನಕ್ಕರು. “ನೀವು ನಿಂತ ಜಾಗದಲ್ಲಿ ಷಡ್ಜ ಎಲ್ಲಿದೆ, ಮೊದಲು ಹೇಳಿ” ಎಂದರು. ಷಡ್ಜ ಎಂದರೆ ಬಿಳಿ ಒಂದು, ಅದರಲ್ಲಿ ಕೇಳುವುದೇನು? “ಅಲ್ಲೇ ನೋಡಿ ತೊಂದರೆ” ಎಂದರು.

ಗೊಂಚಲಿಗೊಂದು ಹೆಸರು

ಪಿಯಾನೊ ಕಲಿಯುವವರಿಗೆ ಎರಡು ಮಾತು ಮೊದಲೇ ಅರ್ಥವಾಗಬೇಕು. ಒಂದು ಕೀ, ಇನ್ನೊಂದು ಕಾರ್ಡ್. ಇಲ್ಲಿ ಕೀ ಎಂದರೆ ಒತ್ತುವ ಮನೆಯಲ್ಲ. ಕೃತಿ ಯಾವ ಸ್ವರವನ್ನು ತನ್ನ ಮನೆ ಮಾಡಿಕೊಂಡಿದೆ ಎಂಬುದು. ಅಂದರೆ ಷಡ್ಜ ಎಲ್ಲಿದೆ ಮತ್ತು ಅದರ ಮೇಲಿನ ಸ್ವರಗಳು ಯಾವುವು ಎಂಬ ಎರಡೂ ಸೇರಿದ್ದು. ನನ್ನ ಕೃತಿಯ ಕೀ ಸಿ ಮೇಜರ್. ಬಿಳಿ ಒಂದನ್ನು ‘ಸ’ ಮಾಡಿಕೊಂಡು ಬರೀ ಬಿಳಿ ಮನೆಗಳನ್ನು ನುಡಿಸಿದರೆ ಬರುವ ಸ್ವರಗಳು ಅವು. ನಮಗೆ ಇವು ಹೊಸವಲ್ಲ. 29ನೆಯ ಮೇಳ ಧೀರಶಂಕರಾಭರಣದ ಸ್ವರಸ್ಥಾನಗಳೇ. ಹಾಗೆಂದು ಅದು ಶಂಕರಾಭರಣ ರಾಗವಾಗುವುದಿಲ್ಲ, ಗಮಕವಿಲ್ಲದೆ ರಾಗವೆಲ್ಲಿ? ಮನೆಗಳು ಮಾತ್ರ ಒಂದೇ. ಮುತ್ತುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಧಾಟಿಗಳಿಗೆ ಸಂಸ್ಕೃತ ಸಾಹಿತ್ಯ ಕೂಡಿಸಿ ನೊಟ್ಟುಸ್ವರಗಳನ್ನು ರಚಿಸಿದ್ದೂ ಇದೇ ಮೇಳದಲ್ಲಿ.

ಇನ್ನು ಕಾರ್ಡ್. ನಮ್ಮೂರಲ್ಲಿ ಕಾರ್ಡು ಎಂದರೆ ರೇಷನ್ ಕಾರ್ಡು. ಇದು ಸ್ವರಗಳ ಗೊಂಚಲು. ಒಂದು ಸ್ವರ ಹಿಡಿದು, ಒಂದು ಬಿಟ್ಟು ಒಂದರಂತೆ ಇನ್ನೆರಡನ್ನು ಸೇರಿಸಿದರೆ ಒಂದು ಗೊಂಚಲು: ಸ-ಗ-ಪ, ರಿ-ಮ-ದ, ಪ-ನಿ-ರಿ. ಕಪ್ಪು ಬಿಳಿ ಎಲ್ಲ ಲೆಕ್ಕ ಹಿಡಿದು, ಕೆಳಗಿನ ಸ್ವರದಿಂದ ಮುಂದಿನದು ನಾಲ್ಕನೆಯ ಮನೆ, ಅಲ್ಲಿಂದ ಮೇಲಿನದು ಮೂರನೆಯ ಮನೆಯಾದರೆ ಮೇಜರ್. ಮೊದಲು ಮೂರು, ಆಮೇಲೆ ನಾಲ್ಕಾದರೆ ಮೈನರ್. ಸ-ಗ-ಪ ಮೇಜರ್, ರಿ-ಮ-ದ ಮೈನರ್. ಒಟ್ಟಿಗೆ ಒತ್ತಿ ಕೇಳಿ, ವ್ಯತ್ಯಾಸ ಕಿವಿಗೇ ತಿಳಿಯುತ್ತದೆ. ಕೂಡಲಿಯ ಮುಂದೆ ತುಂಗೆ ಯಾವುದು, ಭದ್ರೆ ಯಾವುದು ಎಂದು ಯಾರೂ ಕೇಳುವುದಿಲ್ಲ; ಇಲ್ಲಿಯೂ ಹಾಗೆಯೇ, ಮೂರು ಸ್ವರ ಸೇರಿ ಒಂದು ಹೆಸರು.

ಬಾಖ್ 1722ರಲ್ಲಿ ಸಿದ್ಧಪಡಿಸಿದ ‘ವೆಲ್ ಟೆಂಪರ್ಡ್ ಕ್ಲೇವಿಯರ್’ ಸಂಪುಟದ ಮೊದಲ ಪ್ರೆಲ್ಯೂಡ್ ನನ್ನ ಕೃತಿ. ಇದರ ಹಳೆಯ ರೂಪವೊಂದು, 1720ರಲ್ಲಿ ಒಂಬತ್ತು ವರ್ಷದ ಮಗನಿಗೆಂದು ಅವನು ಆರಂಭಿಸಿದ ಪಾಠದ ಪುಸ್ತಕದಲ್ಲೂ ಇದೆ. ಇಡೀ ಕೃತಿ 35 ಬಾರ್. ಬಾರನ್ನು ನಾವು ಆವರ್ತ ಎನ್ನೋಣ. ಮೊದಲ 32 ಆವರ್ತಗಳ ನಡೆ ಒಂದೇ: ಎಡಗೈಗೆ ಎರಡು ಸ್ವರ, ಬಲಗೈಗೆ ಮೂರು, ಆ ಮೂರು ಇನ್ನೊಮ್ಮೆ. ಈ ಎಂಟರ ಗುಂಪು ಆವರ್ತಕ್ಕೆ ಎರಡು ಸಲ. ಅಂದರೆ ಒಂದೊಂದು ಆವರ್ತವೂ ಬಿಡಿಸಿ ನುಡಿಸಿದ ಒಂದೊಂದು ಗೊಂಚಲು. ನಾನು ಐನೂರಕ್ಕೂ ಹೆಚ್ಚು ಬಿಡಿ ಸ್ವರಗಳನ್ನು ಬೆರಳಿಗೆ ಬಾಯಿಪಾಠ ಮಾಡಿಸುತ್ತಿದ್ದೆ. ಕಲಿಯಬೇಕಾದದ್ದು 35 ಗೊಂಚಲು ಮಾತ್ರ.

ಷಡ್ಜ ಮನೆ ಬದಲಿಸಿದಾಗ

ನಮ್ಮ ಕಚೇರಿಯಲ್ಲಿ ತಂಬೂರಿ ಒಮ್ಮೆ ಶ್ರುತಿಯಾದರೆ ಮಂಗಳದವರೆಗೂ ‘ಸ’ ಕದಲುವುದಿಲ್ಲ. ಅಲ್ಲಿ ಹಾಗಲ್ಲ. ಕೃತಿಯ ನಡುವೆಯೇ ‘ಸ’ ಎದ್ದು ಬೇರೆ ಮನೆಗೆ ಹೋಗಿ ಕೂರುತ್ತದೆ, ಆಮೇಲೆ ಹಿಂತಿರುಗುತ್ತದೆ. ಪ್ರೆಲ್ಯೂಡಿನ ಆರನೆಯ ಆವರ್ತದಲ್ಲಿ ಪ್ರತಿಮಧ್ಯಮ ಇಣುಕುತ್ತದೆ. ಇದೇನು ಕಲ್ಯಾಣಿಯೇ ಎಂದುಕೊಂಡಿದ್ದೆ. ಅಲ್ಲ, ಪಂಚಮವನ್ನು ‘ಸ’ ಎಂದುಕೊಂಡು ನೋಡಿದರೆ ಆ ಸ್ವರ ಅದರ ನಿಷಾದ. ಹನ್ನೊಂದನೆಯ ಆವರ್ತದಲ್ಲಿ ಷಡ್ಜ ನಿಜವಾಗಿಯೂ ಪಂಚಮಕ್ಕೆ ಬಂದು ಕೂರುತ್ತದೆ. ಗ್ರಹಭೇದ ಬಲ್ಲವರಿಗೆ ಇದು ಸುಲಭವಾಗಿ ತಲೆಗೆ ಹತ್ತುತ್ತದೆ.

ತಾಯಿ ಮಗಳು ಇಬ್ಬರೂ ಮುಗ್ಗರಿಸಿದ್ದು ಅದರ ಮರು ಆವರ್ತದಲ್ಲಿ, ಹನ್ನೆರಡರಲ್ಲಿ. ಬಿಳಿ ಒಂದನ್ನೇ ‘ಸ’ ಎಂದು ಹಿಡಿದರೆ ಅಲ್ಲಿ ಶುದ್ಧ ರಿಷಭ, ಕೈಶಿಕಿ ನಿಷಾದ ಎಂಬ ಇಬ್ಬರು ಅಪರಿಚಿತರು. ಮೇಷ್ಟ್ರು ಹೇಳಿದರು: “ಚತುಶ್ರುತಿ ರಿಷಭವನ್ನು ‘ಸ’ ಮಾಡಿಕೊಳ್ಳಿ.” ಮಾಡಿಕೊಂಡೆ. ಆ ಗೊಂಚಲು ಕೀರವಾಣಿಯ ನಿ-ರಿ-ಮ-ದ! ಕಾಕಲಿ ನಿಷಾದ ಎಲ್ಲಿಗೆ ಹೋಗಲು ತವಕಿಸುತ್ತದೆ? ಷಡ್ಜಕ್ಕೆ. ಹದಿಮೂರನೆಯ ಆವರ್ತ ಆ ಹೊಸ ಷಡ್ಜದ ಗೊಂಚಲೇ, ಡಿ ಮೈನರ್. ಹದಿನಾಲ್ಕು ಮತ್ತು ಹದಿನೈದು ಇದೇ ನಡೆ, ಒಂದು ಮೆಟ್ಟಿಲು ಕೆಳಗೆ. ಕಷ್ಟದ ನಾಲ್ಕು ಆವರ್ತ ಎಂದು ಹೆದರಿದ್ದು ಒಂದೇ ಮಾತನ್ನು ಎರಡು ಸಲ ಹೇಳಿದ್ದು, ಅಷ್ಟೆ.

ಅಂದಿನಿಂದ ಸಾಧನೆಯ ದಾರಿಯೇ ಬೇರೆಯಾಯಿತು. ನಿಮಗೂ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ. ಮೊದಲು ಪುಟದ ಆರಂಭ ನೋಡಿ. ಶಾರ್ಪ್, ಫ್ಲ್ಯಾಟ್ ಗುರುತು ಒಂದೂ ಇಲ್ಲದಿದ್ದರೆ ಸಾಮಾನ್ಯವಾಗಿ ಸಿ ಮೇಜರ್ ಅಥವಾ ಎ ಮೈನರ್. ಕೃತಿ ಯಾವ ಗೊಂಚಲಿನಲ್ಲಿ ಮುಗಿಯುತ್ತದೆ ಎಂಬುದು ಎರಡರಲ್ಲಿ ಯಾವುದೆಂದು ಹೇಳುತ್ತದೆ. ಆಮೇಲೆ ಸ್ವರಗಳನ್ನು ಬಿಡಿಸದೆ, ಆವರ್ತಕ್ಕೊಂದು ಗೊಂಚಲಿನಂತೆ ಒಟ್ಟಿಗೆ ಒತ್ತುತ್ತ ಹೋಗಿ. ಹೆಸರನ್ನು ಬಾಯಲ್ಲಿ ಹೇಳಿ, ಪೆನ್ಸಿಲ್ಲಿನಲ್ಲಿ ಬರೆಯಿರಿ. ಷಡ್ಜ ಮನೆ ಬದಲಿಸಿದಲ್ಲಿ ಗುರುತು ಹಾಕಿ. ಮೊದಲ ಆವರ್ತದ ಕೈಯ ಆಕಾರವೇ ಹನ್ನೊಂದರಲ್ಲಿ ಕೆಳಗಿನ ಪಂಚಮದ ಮೇಲೆ, ಹತ್ತೊಂಬತ್ತರಲ್ಲಿ ಒಂದು ಸ್ಥಾಯಿ ಕೆಳಗೆ ಷಡ್ಜದ ಮೇಲೆ ಮರಳಿ ಬರುತ್ತದೆ. ಇವು ಮೈಲಿಗಲ್ಲುಗಳು, ಇವುಗಳಲ್ಲಿ ಯಾವುದರಿಂದಲಾದರೂ ಹೊರಡಲು ಬರಬೇಕು. ಆಗ ನಡುವೆ ನಿಂತರೂ ಊರಿನಿಂದ ಮತ್ತೆ ಹೊರಡಬೇಕಾಗಿಲ್ಲ. ಕೊನೆಯ 12 ಆವರ್ತಗಳಲ್ಲಿ ಕೆಳಗಿನ ಸ್ವರ ಎಂಟಕ್ಕೆ ಪಂಚಮ, ನಾಲ್ಕಕ್ಕೆ ಷಡ್ಜ. ತಂಬೂರಿಯ ತಂತಿಗಳು ನೆನಪಾಗುವುದಿಲ್ಲವೇ?

ಎರಡು ಸಂಗೀತ ಒಂದೇ ಕಿವಿಯಲ್ಲಿ ಹಿಡಿಸುತ್ತವೆಯೇ ಎಂದು ಕೇಳುವವರಿದ್ದಾರೆ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಇದ್ದದ್ದು ಮೈಸೂರು ಸಂಸ್ಥಾನದಲ್ಲಿ. ಅದರ ಕೊನೆಯ ಮಹಾರಾಜ ಜಯಚಾಮರಾಜೇಂದ್ರ ಒಡೆಯರು ಪಿಯಾನೊ ಕಲಿತು ಲಂಡನ್ನಿನ ಗಿಲ್ಡ್‌ಹಾಲ್ ಶಾಲೆಯ ಲೈಸೆನ್ಷಿಯೇಟ್ ಪಡೆದವರು. ರಷ್ಯದ ನಿಕೊಲಾಯ್ ಮೆಡ್ಟ್‌ನರ್‌ನ ಕೃತಿಗಳ ಧ್ವನಿಮುದ್ರಣಕ್ಕೆ ಹಣ ಕೊಟ್ಟರು. ಆತ ತನ್ನ ಮೂರನೆಯ ಪಿಯಾನೊ ಕನ್ಚರ್ಟೊವನ್ನು ಅವರಿಗೆ ಅರ್ಪಿಸಿದ. ಅದೇ ಒಡೆಯರು ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನೂ ರಚಿಸಿದರು.

ಈ ದೀಪಾವಳಿಗೆ ಮಗಳು ಬಂದಿದ್ದಳು. ಅಟ್ಟದಿಂದಿಳಿದ ಕೀಬೋರ್ಡು ಕಂಡು ಹುಬ್ಬೇರಿಸಿದಳು. ಪುಸ್ತಕ ತಿರುವುತ್ತ ಪೆನ್ಸಿಲ್ ಗುರುತುಗಳ ಹತ್ತಿರ ನಿಂತಳು. “ನಾನೂ ಅಲ್ಲೇ ನಿಂತೆ ಕಣೆ” ಎಂದೆ. “ನಿನ್ನ ಸಾಧನೆ ಸಾಲದೆ ಹೋಗಿದ್ದಲ್ಲ. ಸುಮ್ಮನೆ ಬೈದೆ.” ಅವಳು ಏನೂ ಹೇಳಲಿಲ್ಲ. ಕೂತು ಹನ್ನೆರಡು, ಹದಿಮೂರು, ಹದಿನಾಲ್ಕು, ಹದಿನೈದು ಎಂದು ನಾಲ್ಕು ಗೊಂಚಲು ಒತ್ತಿದಳು. ಇನ್ನೊಮ್ಮೆ ಒತ್ತಿದಳು. “ಇಷ್ಟೇನಾಮ್ಮ?” ಎಂದಳು.

ಹಬ್ಬ ಮುಗಿಸಿ ಹೊರಟಾಗ ಪುಸ್ತಕ ಅವಳ ಬ್ಯಾಗು ಸೇರಿತು. ಹೋಗಲಿ. ಭಾನುವಾರದ ಬಸ್ಸು ಮಾಚೇನಹಳ್ಳಿ ದಾಟುವಾಗ ನಾನು ಕಣ್ಣು ಮುಚ್ಚಿ ತೊಡೆಯ ಮೇಲೆ ಬೆರಳಿಟ್ಟು ಶುರು ಮಾಡುತ್ತೇನೆ. ಶಿವಮೊಗ್ಗ ಬಸ್ ನಿಲ್ದಾಣ ಬರುವುದರೊಳಗೆ ಮೂವತ್ತೈದೂ ಮುಗಿದಿರುತ್ತವೆ.