ಕಂದರಗಳ ನಾಡಿನಲ್ಲಿ ಒಂಟಿ ಪಯಣ: ಕೊಲರಾಡೊ ಪ್ರಸ್ಥಭೂಮಿಯ ಕಲ್ಲು, ನೀರು ಮತ್ತು ಜನ

ಅಮೆರಿಕದ ಅರಿಜೋನಾ ರಾಜ್ಯದಲ್ಲಿರುವ ಗ್ರ್ಯಾಂಡ್ ಕ್ಯಾನ್ಯನ್ ಕಂದರದೊಳಗೆ ವಿಷ್ಣು, ಶಿವ, ಬ್ರಹ್ಮ ಇವರ ಹೆಸರನ್ನು ಹೊತ್ತ ಶಿಖರಗಳಿವೆ. ದೇಗುಲದ ಗೋಪುರದಂತೆ ಅಂತಸ್ತು ಅಂತಸ್ತಾಗಿ ಎದ್ದು ನಿಂತ ಈ ಕಲ್ಲಿನ ರಾಶಿಗಳಿಗೆ ಪೂರ್ವದೇಶಗಳ ದೇವತೆಗಳ ಹೆಸರಿಡುವ ರೂಢಿಯನ್ನು 1880ರ ಸುಮಾರಿನಲ್ಲಿ ಅಲ್ಲಿ ಭೂಸಮೀಕ್ಷೆ ನಡೆಸಿದ ಕ್ಲಾರೆನ್ಸ್ ಡಟನ್ ಬೆಳೆಸಿದರು. ಕಂದರದ ತಳದಲ್ಲಿರುವ ಅತಿ ಪ್ರಾಚೀನ ಶಿಲೆಗಳನ್ನು ಭೂವಿಜ್ಞಾನಿಗಳು ಇಂದಿಗೂ ವಿಷ್ಣುವಿನ ಹೆಸರಿನಿಂದಲೇ ಕರೆಯುತ್ತಾರೆ. ಆದರೆ ಡಟನ್ ಬರುವುದಕ್ಕೆ ಬಹುಕಾಲ ಮೊದಲೇ ಅಲ್ಲಿ ಜನವಸತಿಯಿತ್ತು. ಅಲ್ಲಿನ ಬಂಡೆಗಳಿಗೂ ತೊರೆಗಳಿಗೂ ಅವರ ಭಾಷೆಗಳಲ್ಲಿ ಹೆಸರುಗಳಿದ್ದವು.

ಗಡಿನಾಡಿನ ಕನ್ನಡ ಶಾಲೆಗಳಲ್ಲಿ ಓದಿದ ಹಲವರು ಇಂದು ಉದ್ಯೋಗಕ್ಕಾಗಿ ಅಮೆರಿಕದಲ್ಲಿದ್ದಾರೆ. ರಜೆ ಸಿಕ್ಕಾಗ ಒಬ್ಬರೇ ಕಾರು ಓಡಿಸಿಕೊಂಡು ಈ ಮರುಭೂಮಿಯ ರಾಷ್ಟ್ರೀಯ ಉದ್ಯಾನಗಳನ್ನು ಸುತ್ತಿ ಬರುವುದು ಅಲ್ಲಿ ಸಾಮಾನ್ಯ ಸಂಗತಿ. ಮಕ್ಕಳು ಕಳುಹಿಸುವ ಕೆಂಪು ಬಂಡೆಗಳ ಚಿತ್ರಗಳನ್ನು ನೋಡಿ ಹೆತ್ತವರು ಹಿಗ್ಗುತ್ತಾರೆ, ಒಳಗೊಳಗೇ ಆತಂಕವನ್ನೂ ಪಡುತ್ತಾರೆ. ಆ ನಾಡು ಹೇಗೆ ರೂಪುಗೊಂಡಿತು, ಒಂಟಿಯಾಗಿ ಹೋಗುವವರು ಏನನ್ನು ತಿಳಿದಿರಬೇಕು, ಅಲ್ಲಿ ಬಾಳುತ್ತಿರುವವರು ಯಾರು ಎಂಬ ಮೂರು ವಿಷಯಗಳನ್ನು ನಾವು ಇಲ್ಲಿ ವಿವರಿಸುತ್ತೇವೆ.

ಕಂದರ ಹುಟ್ಟಿದ ಬಗೆ

ಯೂಟಾ, ಅರಿಜೋನಾ, ಕೊಲರಾಡೊ, ನ್ಯೂ ಮೆಕ್ಸಿಕೊ ಎಂಬ ನಾಲ್ಕು ರಾಜ್ಯಗಳು ಕೂಡುವ ಎಡೆಯಲ್ಲಿ ಕೊಲರಾಡೊ ಪ್ರಸ್ಥಭೂಮಿ ಹರಡಿದೆ. ಅದರ ವಿಸ್ತಾರವು ಕರ್ನಾಟಕದ ಒಂದೂಮುಕ್ಕಾಲು ಪಟ್ಟಿನಷ್ಟು. ಕೋಟ್ಯಂತರ ವರ್ಷಗಳ ಕಾಲ ಈ ಪ್ರದೇಶವು ಒಮ್ಮೆ ಸಮುದ್ರದ ತಳವಾಗಿ, ಒಮ್ಮೆ ಜೌಗುನೆಲವಾಗಿ, ಒಮ್ಮೆ ಮರಳುದಿಬ್ಬಗಳ ಬಯಲಾಗಿ ಇದ್ದಿತು. ಪ್ರತಿಯೊಂದು ಕಾಲದ ಕೆಸರು, ಮರಳು, ಚಿಪ್ಪುಗಳು ಒಂದರ ಮೇಲೊಂದು ಕುಳಿತು ಗಟ್ಟಿಯಾಗಿ ಕಲ್ಲಿನ ಪದರಗಳಾದವು. ಅನಂತರ ಭೂಗರ್ಭದ ಒತ್ತಡದಿಂದ ಇಡೀ ನೆಲವೇ ಮೇಲಕ್ಕೆದ್ದಿತು.

ನೆಲ ಎತ್ತರವಾದಂತೆ ನದಿಯ ಇಳಿಜಾರು ಹೆಚ್ಚಿತು, ಕೊರೆಯುವ ಶಕ್ತಿಯೂ ಹೆಚ್ಚಿತು. ರಾಕಿ ಪರ್ವತಗಳ ಹಿಮ ಕರಗಿದ ನೀರನ್ನು ಹೊತ್ತು ಬರುವ ಕೊಲರಾಡೊ ನದಿಯು ಮರಳು, ಗುಂಡುಕಲ್ಲುಗಳೊಡನೆ ಹರಿಯುತ್ತ ಕಳೆದ ಐದಾರು ದಶಲಕ್ಷ ವರ್ಷಗಳಲ್ಲಿ ಈಗಿನ ಕಂದರವನ್ನು ಕಡೆಯಿತು. ಅದರ ಉದ್ದ ಸುಮಾರು 446 ಕಿಲೋಮೀಟರ್, ಅತಿ ಹೆಚ್ಚಿನ ಅಗಲ 29 ಕಿಲೋಮೀಟರ್, ಆಳ 1,800 ಮೀಟರಿಗೂ ಅಧಿಕ. ಮೇಲಂಚಿನ ಸುಣ್ಣಕಲ್ಲಿಗೆ ಸುಮಾರು 27 ಕೋಟಿ ವರ್ಷವಾದರೆ, ತಳದ ವಿಷ್ಣು ಶಿಲೆಗಳಿಗೆ 170 ಕೋಟಿ ವರ್ಷಗಳಿಗೂ ಮೀರಿದ ಪ್ರಾಯ.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶವೊಂದಿದೆ. ಹೆಚ್ಚು ಮಳೆ ಬೀಳುವ ನಾಡಿನಲ್ಲಿ ನದಿಯೊಡನೆ ಎರಡೂ ದಡಗಳು ಸವೆದು, ಕಣಿವೆ ಅಗಲವಾಗಿ ಹಸಿರು ಹೊದೆಯುತ್ತದೆ. ಮರುಭೂಮಿಯಲ್ಲಿ ಮಳೆ ಕಡಿಮೆಯಾದ್ದರಿಂದ ನದಿ ಕೆಳಕ್ಕೆ ಕೊರೆದಷ್ಟು ವೇಗವಾಗಿ ದಡಗಳು ಸವೆಯುವುದಿಲ್ಲ. ಗೋಡೆಗಳು ಕಡಿದಾಗಿಯೇ ಉಳಿಯುತ್ತವೆ. ಗಟ್ಟಿಯಾದ ಮರಳುಗಲ್ಲು ಮತ್ತು ಸುಣ್ಣಕಲ್ಲು ನೇರ ಗೋಡೆಗಳಾಗಿ ನಿಲ್ಲುತ್ತವೆ, ಮೆದುವಾದ ಜೇಡಿಶಿಲೆ ಇಳಿಜಾರಾಗುತ್ತದೆ. ಡಟನ್ ಕಂಡ ಗೋಪುರದ ಅಂತಸ್ತುಗಳು ಹೀಗೆ ಉಂಟಾದವು.

ಒಂದೇ ಮೆಟ್ಟಿಲುಸಾಲು

ಗ್ರ್ಯಾಂಡ್ ಕ್ಯಾನ್ಯನ್ ಮತ್ತು ಜಯಾನ್ ಎರಡೂ 1919ರಲ್ಲಿ ರಾಷ್ಟ್ರೀಯ ಉದ್ಯಾನಗಳಾದವು. ಬ್ರೈಸ್ ಕ್ಯಾನ್ಯನ್ 1928ರಲ್ಲಿ ಆಯಿತು. ನೋಡುವವರಿಗೆ ಮೂರೂ ಬೇರೆ ಬೇರೆ ಲೋಕಗಳಂತೆ ತೋರಿದರೂ ಅವು ಒಂದೇ ಮೆಟ್ಟಿಲುಸಾಲಿನ ಭಾಗಗಳು. ಗ್ರ್ಯಾಂಡ್ ಕ್ಯಾನ್ಯನ್‌ನ ಮೇಲ್ಪದರವೇ ಜಯಾನ್‌ನ ತಳಪದರ. ಜಯಾನ್‌ನ ಮೇಲ್ಪದರವೇ ಬ್ರೈಸ್‌ನ ತಳಪದರ. ಆದುದರಿಂದ ದಕ್ಷಿಣದಿಂದ ಉತ್ತರಕ್ಕೆ ಪಯಣಿಸುವವರು ಭೂಮಿಯ ಇತಿಹಾಸದ ಪುಟಗಳನ್ನು ಹಳೆಯದರಿಂದ ಹೊಸದರ ಕಡೆಗೆ ತಿರುವಿದಂತಾಗುತ್ತದೆ.

ಜಯಾನ್‌ನಲ್ಲಿ ವರ್ಜಿನ್ ನದಿಯು ಪ್ರಾಚೀನ ಮರಳುದಿಬ್ಬಗಳಿಂದಾದ ಕಲ್ಲನ್ನು ಸೀಳಿಕೊಂಡು ಹರಿಯುತ್ತದೆ. ಬ್ರೈಸ್‌ನಲ್ಲಿ ಕಡೆಯುವ ಕೆಲಸ ನದಿಯದಲ್ಲ. ಎರಡೂವರೆ ಸಾವಿರ ಮೀಟರ್ ಆಸುಪಾಸಿನ ಎತ್ತರದಲ್ಲಿ ವರ್ಷದ ಅರ್ಧದಷ್ಟು ದಿನಗಳಲ್ಲಿ ಬಿರುಕಿಗಿಳಿದ ನೀರು ರಾತ್ರಿ ಹೆಪ್ಪುಗಟ್ಟಿ ಹಿಗ್ಗುತ್ತದೆ, ಹಗಲು ಕರಗುತ್ತದೆ. ಹೀಗೆ ಒಡೆದೊಡೆದು ಉಳಿದ ಕಲ್ಲಿನ ಕಂಬಗಳು ಸಾವಿರಗಟ್ಟಲೆ ನಿಂತಿವೆ. ಅಲ್ಲಿನ ಮೂಲನಿವಾಸಿಗಳಾದ ಪೈಯೂಟ್ ಜನರ ಕಥೆಯಂತೆ ಅವು ಕಲ್ಲಾಗಿ ಹೋದ ಪೂರ್ವಕಾಲದ ಜನ. ಆರ್ಚಸ್ ಉದ್ಯಾನದಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ನೈಸರ್ಗಿಕ ಕಮಾನುಗಳಿವೆ. ಅವುಗಳಲ್ಲಿ ವಾಲ್ ಆರ್ಚ್ ಎಂಬುದು 2008ರ ಆಗಸ್ಟಿನಲ್ಲಿ ಕುಸಿದು ಬಿದ್ದಿತು. ಸವೆತವು ಇಂದಿಗೂ ನಿಂತಿಲ್ಲ.

ಒಬ್ಬರೇ ಹೋಗುವವರು ತಿಳಿದಿರಬೇಕಾದುದು

ಮೊದಲನೆಯದು ದೂರ. ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣದಂಚಿನಿಂದ ಉತ್ತರದಂಚು ನೇರ ನೋಟಕ್ಕೆ ಸುಮಾರು 16 ಕಿಲೋಮೀಟರ್; ರಸ್ತೆಯಲ್ಲಿ ಸುತ್ತಿ ಹೋದರೆ 340 ಕಿಲೋಮೀಟರಿಗೂ ಹೆಚ್ಚು. ಯೂಟಾದ 70ನೇ ಸಂಖ್ಯೆಯ ಹೆದ್ದಾರಿಯಲ್ಲಿ ಗ್ರೀನ್ ರಿವರ್ ಮತ್ತು ಸಲೈನಾ ಊರುಗಳ ನಡುವೆ ಸುಮಾರು 170 ಕಿಲೋಮೀಟರ್ ಉದ್ದಕ್ಕೂ ಪೆಟ್ರೋಲ್ ಬಂಕ್ ಇಲ್ಲ. ಹಲವು ಕಡೆ ಮೊಬೈಲ್ ಸಂಪರ್ಕವೂ ಸಿಗದು. ಟ್ಯಾಂಕ್ ಅರ್ಧವಾಗುವ ಮೊದಲೇ ತುಂಬಿಸುವುದು, ನಕ್ಷೆಯನ್ನು ಕಾಗದದಲ್ಲಿ ಇಟ್ಟುಕೊಳ್ಳುವುದು, ದಿನಕ್ಕೆ ಒಬ್ಬರಿಗೆ ನಾಲ್ಕು ಲೀಟರಿನಂತೆ ನೀರು ಒಯ್ಯುವುದು ಇವು ಅಲ್ಲಿನ ವಾಡಿಕೆ.

ಎರಡನೆಯದು ಬಿಸಿಲು. ಬೆಟ್ಟ ಹತ್ತುವವರು ಮೊದಲು ದಣಿದು ಅನಂತರ ಸುಲಭವಾಗಿ ಇಳಿಯುತ್ತಾರೆ. ಕಂದರದಲ್ಲಿ ಇದು ತಲೆಕೆಳಗು. ಮುಂಜಾನೆಯ ತಂಪಿನಲ್ಲಿ ಇಳಿಯುವುದು ಸಲೀಸು. ಹತ್ತಬೇಕಾದುದು ದಣಿದ ಮೇಲೆ, ಸುಡುವ ಹೊತ್ತಿನಲ್ಲಿ. ಅಂಚಿನಲ್ಲಿ ಹಿತವಾದ ಹವೆಯಿರುವಾಗ ಬೇಸಿಗೆಯ ದಿನ ತಳದಲ್ಲಿ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ನದಿಯವರೆಗೆ ಇಳಿದು ಅದೇ ದಿನ ಹಿಂತಿರುಗಬಾರದೆಂದು ಉದ್ಯಾನದ ಅಧಿಕಾರಿಗಳು ಎಚ್ಚರಿಸುವುದು ಇದಕ್ಕಾಗಿಯೇ. ಬೆವರಿನೊಡನೆ ಉಪ್ಪಿನಂಶವೂ ಹೋಗುವುದರಿಂದ ಬರಿಯ ನೀರನ್ನಷ್ಟೇ ಕುಡಿಯುತ್ತಿರುವುದೂ ಅಪಾಯಕರ. ಉಪ್ಪಿರುವ ತಿನಿಸು ಜೊತೆಗಿರಬೇಕು.

ಮೂರನೆಯದು ನೆರೆ. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಅಲ್ಲಿಯೂ ಮಾನ್ಸೂನ್ ಕಾಲ. ಬೋಳುಬಂಡೆಯೂ ಒಣಗಿ ಗಟ್ಟಿಯಾದ ನೆಲವೂ ನೀರನ್ನು ಹೀರಿಕೊಳ್ಳವು. ಬಿದ್ದ ಮಳೆಯೆಲ್ಲ ಇಕ್ಕಟ್ಟಾದ ಕಂದರಗಳಿಗೆ ನುಗ್ಗುತ್ತದೆ. 1997ರ ಆಗಸ್ಟ್ 12ರಂದು ಅರಿಜೋನಾದ ಆಂಟಿಲೋಪ್ ಕ್ಯಾನ್ಯನ್‌ನಲ್ಲಿ ಹನ್ನೊಂದು ಪ್ರವಾಸಿಗರು ಕೊಚ್ಚಿಹೋದರು. ಮಳೆ ಸುರಿದುದು ಅಲ್ಲಿಂದ ಹಲವು ಕಿಲೋಮೀಟರ್ ಮೇಲೆ. 2015ರ ಸೆಪ್ಟೆಂಬರ್ 14ರಂದು ಜಯಾನ್‌ನ ಕೀಹೋಲ್ ಕ್ಯಾನ್ಯನ್‌ನಲ್ಲಿ ಏಳು ಮಂದಿ ಹೀಗೆಯೇ ಮಡಿದರು. ತಲೆಯ ಮೇಲಿನ ಆಕಾಶ ನಿರ್ಮಲವಾಗಿದ್ದ ಮಾತ್ರಕ್ಕೆ ಭಯವಿಲ್ಲವೆಂದು ತಿಳಿಯುವಂತಿಲ್ಲ. ಇಡೀ ಜಲಾನಯನ ಪ್ರದೇಶದ ಹವಾ ಮುನ್ಸೂಚನೆಯನ್ನು ಅಂದೇ ನೋಡಿಕೊಳ್ಳಬೇಕು.

ನಾಲ್ಕನೆಯದು ಎಲ್ಲಕ್ಕಿಂತ ಸುಲಭವಾದುದು: ಹೋಗುವ ದಾರಿಯನ್ನೂ ಮರಳುವ ಹೊತ್ತನ್ನೂ ಒಬ್ಬರಿಗಾದರೂ ತಿಳಿಸುವುದು. 2003ರ ಏಪ್ರಿಲ್‌ನಲ್ಲಿ ಆರನ್ ರಾಲ್‌ಸ್ಟನ್ ಎಂಬ ನುರಿತ ಚಾರಣಿಗ ಯೂಟಾದ ಬ್ಲೂಜಾನ್ ಕಂದರಕ್ಕೆ ಒಬ್ಬನೇ ಇಳಿದಾಗ ಬಂಡೆಯೊಂದು ಜಾರಿ ಆತನ ಬಲಗೈಯನ್ನು ಗೋಡೆಗೆ ಒತ್ತಿ ಹಿಡಿಯಿತು. ಎಲ್ಲಿಗೆ ಹೋಗುವೆನೆಂದು ಆತ ಯಾರಿಗೂ ಹೇಳಿರಲಿಲ್ಲ. ಐದು ದಿನ ಸಿಕ್ಕಿಕೊಂಡಿದ್ದು, ಕೊನೆಗೆ ತನ್ನ ಕೈಯನ್ನು ತಾನೇ ಕತ್ತರಿಸಿಕೊಂಡು ಜೀವ ಉಳಿಸಿಕೊಂಡನು. ದೂರದಲ್ಲಿರುವ ಮಗನೋ ಮಗಳೋ ಹೊರಡುವಾಗ ತಾಯಿ ತಂದೆ ಹೇಳಬೇಕಾದ ಮಾತು ಹೋಗಬೇಡ ಎಂಬುದಲ್ಲ, ಎಲ್ಲಿಗೆ ಎಂದು ಹೇಳಿ ಹೋಗು ಎಂಬುದು.

ಗೆರೆಗಳ ನಡುವಿನ ಜನ

ಈ ಹಾದಿಯ ಬಹುಭಾಗ ಸಾಗುವುದು ನವಾಹೊ ಜನರ ನೆಲದ ಮೇಲೆ. ತಮ್ಮನ್ನು ದಿನೇ ಎಂದು ಕರೆದುಕೊಳ್ಳುವ ಇವರ ಸ್ವಯಮಾಡಳಿತದ ಪ್ರದೇಶವು ಸುಮಾರು 71,000 ಚದರ ಕಿಲೋಮೀಟರ್. ಅದು ಅರಿಜೋನಾ, ಯೂಟಾ, ನ್ಯೂ ಮೆಕ್ಸಿಕೊ ರಾಜ್ಯಗಳಲ್ಲಿ ಹಂಚಿಹೋಗಿದೆ. ಬೇಸಿಗೆಯಲ್ಲಿ ನವಾಹೊ ನಾಡು ಗಡಿಯಾರವನ್ನು ಒಂದು ತಾಸು ಮುಂದಿಡುತ್ತದೆ, ಸುತ್ತಲಿನ ಅರಿಜೋನಾ ಇಡುವುದಿಲ್ಲ. ನವಾಹೊ ನಾಡಿನ ನಡುವೆಯೇ ಇರುವ ಹೋಪಿ ಜನರ ಪ್ರದೇಶವೂ ಇಡುವುದಿಲ್ಲ. ಪಯಣಿಗನ ಮೊಬೈಲ್ ಗಡಿಯಾರ ಅರ್ಧ ದಿನದಲ್ಲಿ ಹಲವು ಸಲ ಬದಲಾಗುವುದುಂಟು.

1864ರಲ್ಲಿ ಸೇನೆಯು ಈ ಜನರನ್ನು ತಾಯ್ನೆಲದಿಂದ ನೂರಾರು ಕಿಲೋಮೀಟರ್ ನಡೆಸಿ ಹೊರಗಟ್ಟಿತು. 1868ರ ಒಪ್ಪಂದದಿಂದ ಅವರು ಹಿಂತಿರುಗಿದರು. ಅನಂತರ ಸರ್ಕಾರದ ವಸತಿಶಾಲೆಗಳಲ್ಲಿ ಮನೆಮಾತನ್ನು ಆಡಿದ ಮಕ್ಕಳಿಗೆ ಶಿಕ್ಷೆಯಾಗುತ್ತಿತ್ತು. ಆದರೆ ಎರಡನೆಯ ಮಹಾಯುದ್ಧದಲ್ಲಿ ಅದೇ ಭಾಷೆಯನ್ನು ಆಧರಿಸಿ ನವಾಹೊ ಯೋಧರು ಕಟ್ಟಿದ ಸಂಕೇತಗಳನ್ನು ಜಪಾನೀಯರು ಒಡೆಯಲಾರದೆ ಹೋದರು. 1966ರಲ್ಲಿ ಅರಿಜೋನಾದ ರಫ್ ರಾಕ್ ಎಂಬಲ್ಲಿ ಊರವರೇ ನಡೆಸುವ ಶಾಲೆ ತೆರೆದು, ನವಾಹೊ ಭಾಷೆ ತರಗತಿಯೊಳಗೆ ಬಂದಿತು. ಮೂಲನಿವಾಸಿ ಭಾಷೆಗಳನ್ನು ರಕ್ಷಿಸುವ ಒಕ್ಕೂಟ ಸರ್ಕಾರದ ಕಾಯಿದೆ ಬಂದುದು 1990ರಲ್ಲಿ.

ಕಂದರದೊಳಗಿನ ಸುಪೈ ಊರಿಗೆ ರಸ್ತೆಯಿಲ್ಲ. ಅಲ್ಲಿಗೆ ಅಂಚೆಯೂ ಹೇಸರಗತ್ತೆಯ ಮೇಲೆಯೇ ಹೋಗುತ್ತದೆ. ಅಲ್ಲಿರುವ ಹವಸುಪೈ ಜನರು ಕಳೆದುಕೊಂಡಿದ್ದ ಭೂಮಿಯಲ್ಲಿ ಸುಮಾರು 1,85,000 ಎಕರೆ 1975ರ ಕಾಯಿದೆಯಿಂದ ಮರಳಿ ಬಂದಿತು. ಅವರ ಪೂರ್ವಿಕರು ಬೇಸಾಯ ಮಾಡುತ್ತಿದ್ದ ಕಂದರದ ತೋಟಕ್ಕೆ ಅನ್ಯರು ಇಟ್ಟಿದ್ದ ಹೆಸರನ್ನು ತೆಗೆದು, ಅವರ ಕೋರಿಕೆಯಂತೆ 2022ರಲ್ಲಿ ಹವಸುಪೈ ಗಾರ್ಡನ್ಸ್ ಎಂದು ಕರೆಯಲಾಯಿತು.

ನಮ್ಮ ಸ್ಥಿತಿ ಅವರದರಂತಲ್ಲ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣಕ್ಕೆ ಅನುಕೂಲ ಒದಗಿಸಬೇಕೆಂಬ 350ಎ ವಿಧಿ 1956ರಲ್ಲಿಯೇ ನಮ್ಮ ಸಂವಿಧಾನವನ್ನು ಸೇರಿದೆ. ಆದರೆ ವಿಧಿಗೆ ಜೀವ ಬರುವುದು ತರಗತಿಯಲ್ಲಿ ಮಕ್ಕಳಿದ್ದಾಗ. ರಫ್ ರಾಕ್‌ನ ಜನ ಯಾವುದಕ್ಕಾಗಿ ಅಷ್ಟು ಕಾಲ ಕಾಯಬೇಕಾಯಿತೋ ಅದು ನಮ್ಮ ಊರಿನ ಶಾಲೆಯ ಬಾಗಿಲಲ್ಲಿದೆ. ಮಕ್ಕಳನ್ನು ಯಾವ ಶಾಲೆಗೆ ಸೇರಿಸುವುದೆಂದು ಯೋಚಿಸುವ ಮನೆಗಳು ಇದನ್ನು ಗಮನಕ್ಕೆ ತಂದುಕೊಳ್ಳಲಿ.

ಕಂದರವನ್ನು ಕಣ್ಣಾರೆ ಕಾಣಲು ಎಲ್ಲರೂ ಅಮೆರಿಕಕ್ಕೆ ಹೋಗಬೇಕಿಲ್ಲ. ಕರ್ನಾಟಕದ ನಂದಿಬೆಟ್ಟಗಳ ಸಾಲಿನಲ್ಲಿ ಹುಟ್ಟುವ ಉತ್ತರ ಪಿನಾಕಿನಿ, ಅಂದರೆ ಪೆನ್ನಾರ್, ಆಂಧ್ರದ ಜಮ್ಮಲಮಡುಗು ಬಳಿಯ ಗಂಡಿಕೋಟೆಯಲ್ಲಿ ಎರ್ರಮಲ ಬೆಟ್ಟಗಳನ್ನು ಸೀಳಿ ಹರಿಯುತ್ತದೆ. ಗಾತ್ರದಲ್ಲಿ ಅದು ಬಹು ಚಿಕ್ಕದು. ಪದರ, ಸವೆತ, ಕಡಿದಾದ ಗೋಡೆ ಈ ಮೂರನ್ನೂ ಅಲ್ಲಿ ಬೆರಳಿಟ್ಟು ತೋರಿಸಬಹುದು. ಮಡಕಶಿರಾ, ರಾಯದುರ್ಗ, ಆದೋನಿ ಭಾಗದ ಶಾಲೆಗಳು ಈ ವರ್ಷದ ಪ್ರವಾಸಕ್ಕೆ ಅದನ್ನು ಆರಿಸಿಕೊಳ್ಳಬಹುದು. ಹೋಗುವಾಗ ನೀರಿನ ಬಾಟಲಿಗಳನ್ನು ತುಂಬಿಸಿಕೊಳ್ಳಿರಿ, ಮಳೆಯ ಮುನ್ಸೂಚನೆ ನೋಡಿರಿ, ಅಂಚಿನಲ್ಲಿ ತಡೆಗೋಡೆಯಿಲ್ಲದ ಕಡೆ ಮಕ್ಕಳನ್ನು ದೂರ ನಿಲ್ಲಿಸಿರಿ.