ದೈತ್ಯ ಉಡವೂ ಅದರ ದ್ವೀಪವೂ

ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಕುರುಚಲಿನಲ್ಲಿಯೂ ಬಂಡೆಗುಡ್ಡಗಳಲ್ಲಿಯೂ ವಾಸಿಸುವ ಉಡವು ಇಂಡೊನೇಷ್ಯದ ಕೊಮೊಡೊ ದೈತ್ಯನ ದಾಯಾದಿ. ಪ್ರಾಣಿಶಾಸ್ತ್ರಜ್ಞರು ಎರಡನ್ನೂ ‘ವರಾನಸ್’ ಎಂಬ ಒಂದೇ ಕುಲದಲ್ಲಿ ಸೇರಿಸಿರುವರು. ನಮ್ಮ ಉಡವು ಬಾಲವೂ ಸೇರಿ ಸುಮಾರು ಒಂದೂಮುಕ್ಕಾಲು ಮೀಟರಿನವರೆಗೆ ಬೆಳೆಯಬಲ್ಲುದು. ಕೊಮೊಡೊದ ಉಡವು ಮೂರು ಮೀಟರು ಮುಟ್ಟುವುದು, 70 ಕಿಲೋಗ್ರಾಂ ತೂಗುವುದು. ಇತಿಹಾಸದ ವ್ಯಾಸಂಗಿಗಳಾದ ನಮ್ಮನ್ನು ಸೆಳೆದ ಪ್ರಶ್ನೆಯೆಂದರೆ, ಇಂತಹ ಪ್ರಾಣಿ ಕೆಲವೇ ಸಣ್ಣ ದ್ವೀಪಗಳಲ್ಲಿ ಮಾತ್ರ ಏಕೆ ಉಳಿದಿದೆ ಎಂಬುದು.

ಹುಲಿಯಂತಹ ಪ್ರತಿಸ್ಪರ್ಧಿಗಳಿಲ್ಲದ ದ್ವೀಪದಲ್ಲಿ, ಈಗ ನಶಿಸಿಹೋಗಿರುವ ಕುಬ್ಜ ಆನೆಗಳನ್ನು ತಿಂದು ಇದು ದೈತ್ಯಾಕಾರ ತಳೆಯಿತೆಂದು ಹಿಂದೆ ಕೆಲವರು ಊಹಿಸಿದ್ದರು. 2009ರಲ್ಲಿ ಪ್ರಕಟವಾದ ಪಳೆಯುಳಿಕೆಗಳ ವಿವೇಚನೆಯಿಂದ ಆ ಊಹೆ ಸಡಿಲವಾಯಿತು. ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡಿನಲ್ಲಿ 30 ಲಕ್ಷ ವರ್ಷಗಳಿಗೂ ಹಿಂದಿನ, ಇದೇ ಜಾತಿಯ ಮೂಳೆಗಳು ದೊರೆತಿವೆ. ಎಂದರೆ, ಗಾತ್ರವು ವಿಶಾಲವಾದ ಭೂಖಂಡದಲ್ಲಿ ಬಂದುದು. ದ್ವೀಪವು ಕೊನೆಯ ಆಶ್ರಯ ಮಾತ್ರ. ಕೊಮೊಡೊ, ರಿಂಚಾ, ಫ್ಲೋರೆಸ್ ಮೊದಲಾದೆಡೆ ಉಳಿದಿರುವ ಈ ಜಾತಿಯನ್ನು 2021ರಲ್ಲಿ ಅಳಿವಿನ ಅಂಚಿನ ಪಟ್ಟಿಗೆ ಸೇರಿಸಲಾಯಿತು. ಸಮುದ್ರ ಮೇಲೇರಿದರೆ ಆಶ್ರಯವೂ ಕುಗ್ಗುವುದು.

ಕೊಮೊಡೊದ ಹೆಣ್ಣು ಸುಮಾರು 20 ಮೊಟ್ಟೆಗಳನ್ನು, ಹಲವು ವೇಳೆ ಕಾಡುಕೋಳಿಯಂತಹ ಒಂದು ಹಕ್ಕಿ ಒಟ್ಟಿದ ಮಣ್ಣಿನ ದಿಬ್ಬದಲ್ಲಿ ಇಡುತ್ತದೆ. ಮರಿಗಳು ಹೊರಬರಲು ಏಳೆಂಟು ತಿಂಗಳು ಬೇಕು; ಬಂದ ಕೂಡಲೇ ಮರವೇರುತ್ತವೆ, ಹಿರಿಯ ಉಡಗಳೇ ಅವನ್ನು ತಿಂದುಬಿಡುವ ಭಯದಿಂದ. ನಮ್ಮ ಉಡವೂ ಬಿಲದಲ್ಲಿ, ಕೆಲವೊಮ್ಮೆ ಹುತ್ತದಲ್ಲಿ ಮೊಟ್ಟೆಯಿಡುವುದು. ಸೀಳುನಾಲಗೆ ಚಾಚಿ ವಾಸನೆ ಹಿಡಿಯುವುದು.

ಉಗುರಿನ ಬಿಗಿಯಿಂದಲೇ ‘ಉಡದ ಪಟ್ಟು’ ಎಂಬ ಮಾತು ಬಂದಿತು. ಇಲ್ಲಿಗೆ ಬಹುದೂರವಲ್ಲದ ಸಂಡೂರನ್ನಾಳಿದ ಘೋರ್ಪಡೆ ಮನೆತನದ ಹೆಸರನ್ನು ಐತಿಹ್ಯವು ಮರಾಠಿಯ ‘ಘೋರ್ಪಡ’ಕ್ಕೆ, ಎಂದರೆ ಉಡಕ್ಕೆ, ಜೋಡಿಸುತ್ತದೆ: ಹಗ್ಗ ಕಟ್ಟಿದ ಉಡವನ್ನು ಗೋಡೆಗೆ ಹತ್ತಿಸಿ ಕೋಟೆಯನ್ನೇರಿದರಂತೆ. ಮನುಷ್ಯನ ಭಾರವನ್ನು ಅದು ತಾಳೀತೆಂದು ನಾವು ನಂಬಲಾರೆವು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಉಡವನ್ನು ಮೊದಲನೆಯ ಅನುಸೂಚಿಯಲ್ಲಿರಿಸಿದ್ದರೂ ಮಾಂಸಕ್ಕಾಗಿ, ಎಣ್ಣೆಗಾಗಿ ಬೇಟೆ ನಿಂತಿಲ್ಲ. ಖಂಜಿರಕ್ಕೆ ಅದರ ಚರ್ಮವನ್ನೇ ಬಿಗಿಯುತ್ತಿದ್ದ ಕಾಲವೂ ಇತ್ತು. ಜೀವಿಗಳಲ್ಲಿ ದಯೆಯಿರಬೇಕೆಂದು ಸಾರುವ ಅಶೋಕನ ಶಾಸನವನ್ನು 1892ರಲ್ಲಿ ಬಿ. ಎಲ್. ರೈಸ್ ಗುರುತಿಸಿದ ಬ್ರಹ್ಮಗಿರಿ ಇದೇ ಮೊಳಕಾಲ್ಮೂರು ತಾಲ್ಲೂಕಿನದು.

ಬೇಟೆಗಿಂತ ನೆಲೆಯ ಪ್ರಶ್ನೆ ದೊಡ್ಡದು. ಚಳ್ಳಕೆರೆಯ ಅಮೃತಮಹಲ್ ಕಾವಲುಗಳು ಮೈಸೂರು ಅರಸರ ಕಾಲದಿಂದ ದನಗಳಿಗಾಗಿ ಉಳಿದುಬಂದ ಹುಲ್ಲುಗಾವಲು. ಸುತ್ತಲೂ ಹೊಲಗಳಿರುವುದರಿಂದ ಅವು ಬಯಲಿನ ದ್ವೀಪಗಳೇ ಸರಿ. 2009ರ ಸುಮಾರಿಗೆ ಇವುಗಳ ಸಾವಿರಾರು ಎಕರೆ ರಕ್ಷಣಾ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೆ ಹಂಚಿಕೆಯಾಗಿ ಗೋಡೆಗಳೆದ್ದವು. ಉಡಕ್ಕೆ ಗೋಡೆ ತಡೆಯಲ್ಲ; ಹುತ್ತವೂ ಕುರುಚಲೂ ಅಳಿದರೆ ಮಾತ್ರ ಅದಕ್ಕೆ ನೆಲೆಯಿಲ್ಲ. ಗೋಡೆಯ ಒಳಗೂ ಹೊರಗೂ ಬಿಲಗಳನ್ನು ಎಣಿಸಿ ಹೋಲಿಸುವ ಕೆಲಸವನ್ನು ನಮ್ಮ ಕಾಲೇಜುಗಳ ಪ್ರಾಣಿಶಾಸ್ತ್ರದ ವಿದ್ಯಾರ್ಥಿಗಳು ಒಂದೆರಡು ಬೇಸಗೆಗಳಲ್ಲಿ ಮಾಡಬಹುದಾಗಿದೆ.