ಮಕ್ಕಳ ಗಣಿತಕ್ಕೆ ಮನೆಪಾಠ: ಆಯ್ಕೆ ಹೇಗೆ?

ಕೊಳೆರೋಗ, ಕಾಂಡಕೊರಕ, ಗೊಬ್ಬರದ ದರ ಇವುಗಳಿಗೆ ಮೀಸಲಾದ ಈ ಪುಟಗಳಲ್ಲಿ ಮಕ್ಕಳ ಗಣಿತದ ಮಾತು ಏಕೆ ಬಂತೆಂದು ಕೆಲವು ಸದಸ್ಯರು ಕೇಳಬಹುದು. ಜೂನ್ ತಿಂಗಳಲ್ಲಿ ಸಂಘಕ್ಕೆ ಮುಂಗಡ ಕೇಳಲು ಬರುವವರಲ್ಲಿ ಗೊಬ್ಬರ, ಮೈಲುತುತ್ತಕ್ಕೆಂದು ಬರುವವರ ಜೊತೆಗೆ ಮಕ್ಕಳ ಟ್ಯೂಷನ್ ಫೀಸಿಗೆಂದು ಬರುವವರೂ ಈಗ ಸೇರಿಕೊಂಡಿದ್ದಾರೆ. ಅದೇ ಸದಸ್ಯರು ಜನವರಿಯಲ್ಲಿ ಅಡಿಕೆ ತಂದಾಗ ಹೇಳುವ ಮಾತೂ ಹೆಚ್ಚುಕಡಿಮೆ ಒಂದೇ: "ದುಡ್ಡೇನೋ ಕಟ್ಟಿದ್ದಾಯಿತು, ಹುಡುಗನ ಗಣಿತ ಮಾತ್ರ ಇದ್ದಲ್ಲೇ ಇದೆ." ಎಕರೆ ಎರಡೆಕರೆ ತೋಟದವರಿಗೆ ಇದು ಸಣ್ಣ ನಷ್ಟವಲ್ಲ. ಹಣದ ನಷ್ಟಕ್ಕಿಂತ ದೊಡ್ಡದು, ತನಗೆ ಗಣಿತ ಬರುವುದೇ ಇಲ್ಲವೆಂದು ಆ ಮಗು ತೀರ್ಮಾನಿಸಿಬಿಡುವುದು.

ಮಣ್ಣು ಪರೀಕ್ಷೆ ಮಾಡಿಸದೆ ಸುಣ್ಣ ಹಾಕಬೇಡಿರೆಂದು ನಾವು ವರ್ಷವರ್ಷವೂ ಬರೆಯುತ್ತೇವೆ. ಮಕ್ಕಳ ವಿಷಯದಲ್ಲಿ ಈ ಎಚ್ಚರಿಕೆ ನಮ್ಮವರಿಗೆ ಇಲ್ಲ. ಒಂಬತ್ತನೆಯ ತರಗತಿಯ ಹುಡುಗಿಗೆ ಒಂಬತ್ತನೆಯ ತರಗತಿಯ ಟ್ಯೂಷನ್ ಎಂದು ಕಣ್ಣುಮುಚ್ಚಿ ಸೇರಿಸುತ್ತೇವೆ. ಹಾಜರಿ ಪುಸ್ತಕದಲ್ಲಿರುವ ತರಗತಿ ಬೇರೆ, ಮಗುವಿನ ಗಣಿತ ನಿಂತಿರುವ ತರಗತಿ ಬೇರೆ. ಎರಡನೆಯದನ್ನು ತಿಳಿಯದೆ ಮಾಡಿದ ಆಯ್ಕೆ ಬಹುಪಾಲು ವ್ಯರ್ಥ.

ಸಮಾಜ ವಿಜ್ಞಾನದಲ್ಲಿ ಒಂದು ಪಾಠ ತಪ್ಪಿದರೆ ಮುಂದಿನದನ್ನು ಓದಿ ತಿಳಿಯಬಹುದು. ಗಣಿತದಲ್ಲಿ ಹಾಗಾಗದು. ಹತ್ತನೆಯ ತರಗತಿಯ ವರ್ಗ ಸಮೀಕರಣವನ್ನೇ ನೋಡಿ. ಅಪವರ್ತಿಸಿ ಬಿಡಿಸಬೇಕಾದರೆ ಗುಣಿಸಿದರೆ 6, ಕೂಡಿದರೆ ಋಣ 5 ಬರುವ ಎರಡು ಸಂಖ್ಯೆಗಳನ್ನು ಹುಡುಕಬೇಕಾಗುತ್ತದೆ. ಋಣ 2, ಋಣ 3 ಎಂದು ತಟ್ಟನೆ ಹೊಳೆಯಲು ಕೆಳಗಿನ ತರಗತಿಗಳಲ್ಲಿ ಕಲಿತ ಋಣ ಸಂಖ್ಯೆಗಳೂ ಮಗ್ಗಿಯೂ ಗಟ್ಟಿಯಾಗಿರಬೇಕು. ತ್ರಿಕೋನಮಿತಿ ಎಂದರೆ ಅನುಪಾತ. ಸಂಭವನೀಯತೆ ಎಂದರೆ ಭಿನ್ನರಾಶಿ. ಐದನೆಯ ತರಗತಿಯಲ್ಲೇ ಭಿನ್ನರಾಶಿ ಕೈಬಿಟ್ಟ ಮಗುವಿಗೆ ಇವುಗಳನ್ನು ಎಷ್ಟು ಸಲ ಬೋರ್ಡಿನ ಮೇಲೆ ಬಿಡಿಸಿ ತೋರಿಸಿದರೂ ಅದು ನಕಲು ಮಾಡಿಕೊಳ್ಳುತ್ತದೆಯೇ ವಿನಾ ಕಲಿಯುವುದಿಲ್ಲ.

ಇದು ನಮ್ಮ ಊರಿನ ಮಾತು ಮಾತ್ರವಲ್ಲ. 'ಪ್ರಥಮ್' ಸಂಸ್ಥೆಯವರ 'ಅಸರ್' ವರದಿಯ ಪ್ರಕಾರ 2018ರಲ್ಲಿ ದೇಶದ ಗ್ರಾಮೀಣ ಭಾಗದ ಎಂಟನೆಯ ತರಗತಿಯ ಮಕ್ಕಳಲ್ಲಿ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಶೇಕಡಾ 44ರಷ್ಟು ಮಾತ್ರ. ಅರ್ಥಶಾಸ್ತ್ರಜ್ಞ ಕಾರ್ತಿಕ್ ಮುರಳೀಧರನ್ ಮತ್ತು ಜೊತೆಗಾರರು ದೆಹಲಿಯ ಸರ್ಕಾರಿ ಶಾಲೆಗಳ ಮಕ್ಕಳ ಬಗ್ಗೆ ನಡೆಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೂ ಸ್ಪಷ್ಟವಾಗಿದೆ. ಅದರಲ್ಲಿ ಆರನೆಯ ತರಗತಿಯ ಮಕ್ಕಳು ಗಣಿತದಲ್ಲಿ ಸರಾಸರಿ ಎರಡೂವರೆ ತರಗತಿಯಷ್ಟು ಹಿಂದಿದ್ದರು; ಒಂಬತ್ತನೆಯ ತರಗತಿಯ ಹೊತ್ತಿಗೆ ಆ ಅಂತರ ನಾಲ್ಕೂವರೆ ತರಗತಿಗೆ ಬೆಳೆದಿತ್ತು. ತೀರಾ ಹಿಂದಿದ್ದ ಮಕ್ಕಳು ತರಗತಿಯ ಮಟ್ಟದ ಪಾಠದಿಂದ ಏನೂ ಮುಂದುವರಿದಿರಲಿಲ್ಲ. ಅವರಿದ್ದ ಮಟ್ಟದಿಂದಲೇ ಪಾಠ ಕೊಟ್ಟಾಗ ನಾಲ್ಕೂವರೆ ತಿಂಗಳಲ್ಲೇ ಸುಧಾರಣೆ ಕಂಡುಬಂತು. ಇದಕ್ಕೆ ಮೊದಲೇ, 2001ರಿಂದ 2003ರವರೆಗೆ, ವಡೋದರಾ ಮತ್ತು ಮುಂಬಯಿಯ ಶಾಲೆಗಳಲ್ಲಿ ಹಿಂದುಳಿದ ಮಕ್ಕಳನ್ನು ಬೇರೆ ಕೂರಿಸಿ ಬುನಾದಿಯ ಪಾಠ ಹೇಳಿಸಿದ 'ಬಾಲಸಖಿ' ಪ್ರಯೋಗದಲ್ಲೂ ಇದೇ ಅನುಭವ. ಅದನ್ನು ಅಭ್ಯಸಿಸಿದವರಲ್ಲಿ 2019ರಲ್ಲಿ ನೊಬೆಲ್ ಪಡೆದ ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ ಅವರೂ ಇದ್ದರು.

ನಮ್ಮ ಮಲೆನಾಡಿನಲ್ಲಿ ಇನ್ನೊಂದು ಸಂಗತಿಯನ್ನೂ ಸೇರಿಸಿಕೊಳ್ಳಬೇಕು. 2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಪ್ರಾಥಮಿಕ ಶಾಲೆಯ ಕೆಳಗಿನ ತರಗತಿಗಳಲ್ಲಿದ್ದ ಮಕ್ಕಳೇ ಆಮೇಲೆ ಹೈಸ್ಕೂಲಿಗೆ ಬಂದವರು. ಭಾಗಾಕಾರ, ಭಿನ್ನರಾಶಿ ಕಲಿಯುವ ಕಾಲದಲ್ಲಿ ಇವರಲ್ಲಿ ಎಷ್ಟೋ ಮಂದಿ ಸಿಗ್ನಲ್ ಹುಡುಕಿಕೊಂಡು ಗುಡ್ಡ ಹತ್ತಿ ಕುಳಿತಿದ್ದರು. 2022-23ರಲ್ಲಿ ಸರ್ಕಾರ 'ಕಲಿಕಾ ಚೇತರಿಕೆ' ಎಂಬ ಕಾರ್ಯಕ್ರಮ ನಡೆಸಿತಾದರೂ ಬಿಟ್ಟುಹೋದದ್ದೆಲ್ಲ ಎಲ್ಲ ಮಕ್ಕಳಿಗೂ ಸಿಕ್ಕಿತೆನ್ನಲಾಗದು. ಆದುದರಿಂದ ಮಗು ದಡ್ಡನೆಂದು ಯಾರೂ ಭಾವಿಸಬೇಕಾಗಿಲ್ಲ.

ಮಟ್ಟ ತಿಳಿಯುವುದು ಹೇಗೆ? ಮನೆಯಲ್ಲಿ ಒಂದು ಭಾನುವಾರ, ಗದರಿಕೆಯಿಲ್ಲದೆ, ಗಡಿಯಾರ ನೋಡದೆ, ಈ ಲೆಕ್ಕಗಳನ್ನು ಕೊಡಿ. ತಂದೆತಾಯಿಗೆ ಲೆಕ್ಕ ಬಾರದಿದ್ದರೆ ಕಾಲೇಜಿಗೆ ಹೋಗುವ ಅಕ್ಕನೋ ಚಿಕ್ಕಪ್ಪನ ಮಗನೋ ಕೊಡಲಿ.

ಮೊದಲು, 7,248ನ್ನು 6ರಿಂದ ಭಾಗಿಸಲಿ. ಉತ್ತರ 1,208. ನಡುವಿನ ಸೊನ್ನೆ ಬಿಟ್ಟು 128 ಎಂದು ಬರೆದರೆ ಸ್ಥಾನಬೆಲೆಯೇ ಸಡಿಲವಾಗಿದೆ ಎಂದರ್ಥ. ಆಮೇಲೆ ಅರ್ಧ ಮತ್ತು ಮೂರನೆಯ ಒಂದು ಭಾಗ ಕೂಡಲು ಹೇಳಿ. ಆರರಲ್ಲಿ ಐದು ಬರಬೇಕು; ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಕೂಡಿ ಐದರಲ್ಲಿ ಎರಡು ಎಂದು ಬರೆಯುವ ಮಕ್ಕಳು ಹತ್ತನೆಯ ತರಗತಿಯಲ್ಲೂ ಇದ್ದಾರೆ. ಅರ್ಧಕ್ಕೆ ಇನ್ನಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆಯಾಯಿತಲ್ಲ ಎಂದು ಅವರಿಗೆ ಅನಿಸುವುದೇ ಇಲ್ಲ. ಋಣ 3ರಿಂದ 4 ಕಳೆದರೆ ಎಷ್ಟು, ಋಣ 3ನ್ನು ಋಣ 4ರಿಂದ ಗುಣಿಸಿದರೆ ಎಷ್ಟು ಎಂದೂ ಕೇಳಿ. ಒಂದಕ್ಕೆ ಋಣ 7, ಇನ್ನೊಂದಕ್ಕೆ 12.

ಶೇಕಡಾ ಲೆಕ್ಕಕ್ಕೆ ನಮ್ಮ ಬೋರ್ಡೋ ದ್ರಾವಣಕ್ಕಿಂತ ಒಳ್ಳೆಯ ಉದಾಹರಣೆ ಬೇಡ. ಶೇಕಡಾ ಒಂದರ ದ್ರಾವಣಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಹಾಗಾದರೆ 60 ಲೀಟರಿಗೆ ಎಷ್ಟು? 600 ಗ್ರಾಂ ಎನ್ನಬೇಕು. ಒಂದು ಎಕರೆಗೆ 43,560 ಚದರ ಅಡಿ, ಒಂಬತ್ತು ಅಡಿಗೊಂದು ಅಡಿಕೆ ಸಸಿ, ಎರಡು ಕಡೆಗೂ ಅಷ್ಟೇ ಅಂತರ. ಎಷ್ಟು ಸಸಿ ಬೇಕು? 81ರಿಂದ ಭಾಗಿಸಿ 537 ಎಂದು ಹೇಳುವ ಮಗುವಿಗೆ ವಿಸ್ತೀರ್ಣ ತಿಳಿದಿದೆ. 9ರಿಂದ ಮಾತ್ರ ಭಾಗಿಸಿ 4,840 ಎಂದರೆ ಲೆಕ್ಕ ಮಾಡಲು ಬರುತ್ತದೆ, ವಿಸ್ತೀರ್ಣ ತಿಳಿದಿಲ್ಲ.

ಬೀಜಗಣಿತಕ್ಕೆ ಎರಡು ಸಾಕು. ಒಂದು ಸಂಖ್ಯೆಯ ಮೂರರಷ್ಟಕ್ಕೆ 7 ಸೇರಿಸಿದರೆ 22; ಆ ಸಂಖ್ಯೆ ಯಾವುದು? ಇದು ಐದು. ಇನ್ನೊಂದರಲ್ಲಿ ಆವರಣ ಚಿಹ್ನೆ ಇರಲಿ: ಒಂದು ಸಂಖ್ಯೆಯಿಂದ 3 ಕಳೆದು ಎರಡರಿಂದ ಗುಣಿಸಿದರೆ, ಅದೇ ಸಂಖ್ಯೆಯ ಐದರಷ್ಟಕ್ಕೆ 9 ಸೇರಿಸಿದ್ದಕ್ಕೆ ಸಮ. ಉತ್ತರ ಋಣ 5. ಇಷ್ಟನ್ನೂ ಸಲೀಸಾಗಿ ಮಾಡುವ ಮಗುವಿಗೆ ಕಣದ ಲೆಕ್ಕ ಕೊಡಿ. ನೂರು ಕಿಲೋ ಹಸಿ ಪಾರ್ಚ್‌ಮೆಂಟಿನಲ್ಲಿ ಅರ್ಧ ನೀರು ಎಂದಿಟ್ಟುಕೊಂಡರೆ, ತೇವಾಂಶ ಶೇಕಡಾ ಹತ್ತಕ್ಕೆ ಇಳಿಯುವವರೆಗೆ ಒಣಗಿಸಿದಾಗ ಎಷ್ಟು ಕಿಲೋ ಉಳಿಯುತ್ತದೆ? ಅರುವತ್ತು ಎಂದು ದೊಡ್ಡವರೇ ಹೇಳಿಬಿಡುತ್ತಾರೆ. ನೀರಲ್ಲದ ಐವತ್ತು ಕಿಲೋ ಹಾಗೇ ಉಳಿಯುತ್ತದೆ, ಅದು ಒಣಗಿದ ರಾಶಿಯ ಶೇಕಡಾ ತೊಂಬತ್ತು. ಆದುದರಿಂದ ಸುಮಾರು ಐವತ್ತೈದೂವರೆ ಕಿಲೋ.

ಉತ್ತರಕ್ಕಿಂತ ಮುಖ್ಯವಾದುದು ಮಗು ಎಲ್ಲಿ ನಿಂತಿತು, ಹೇಗೆ ತಪ್ಪಿತು ಎಂಬುದು. ಆ ಹಾಳೆಯನ್ನು ಜೋಪಾನವಾಗಿಡಿ.

ಇಂಗ್ಲಿಷ್ ಮಾಧ್ಯಮಕ್ಕೆ ಎಂಟನೆಯ ತರಗತಿಯಲ್ಲಿ ಬದಲಾದ ಮಕ್ಕಳ ವಿಷಯದಲ್ಲಿ ಇನ್ನೊಂದು ಪರೀಕ್ಷೆ ಅಗತ್ಯ. ಪುಸ್ತಕದ ಒಂದು ವಾಕ್ಯದ ಲೆಕ್ಕವನ್ನು ಇಂಗ್ಲಿಷಿನಲ್ಲಿ ಓದಿಸಿ, ಬಾರದಿದ್ದರೆ ಅದನ್ನೇ ಕನ್ನಡದಲ್ಲಿ ಹೇಳಿ. ಕನ್ನಡದಲ್ಲಿ ಕೇಳಿದಾಗ ಬಿಡಿಸಿದರೆ ಆ ಮಗುವಿಗೆ ಗಣಿತದ ಕೊರತೆಯಿಲ್ಲ, ಮಾತಿನ ಕೊರತೆ. ಲ.ಸಾ.ಅ. ಎಂದು ಕಲಿತದ್ದೇ ಎಲ್.ಸಿ.ಎಂ., ಅಪವರ್ತನವೇ ಫ್ಯಾಕ್ಟರ್ ಎಂದು ಯಾರೂ ಜೋಡಿಸಿ ಹೇಳಿರುವುದಿಲ್ಲ. ಇಂಥವರಿಗೆ ಎರಡೂ ಭಾಷೆಯಲ್ಲಿ ಪಾಠ ಹೇಳಬಲ್ಲವರೊಬ್ಬರು ಕೆಲವು ತಿಂಗಳು ಸಿಕ್ಕಿದರೆ ಸಾಕು. ವರ್ಷವಿಡೀ ಫೀಸು ತೆರಬೇಕಾಗಿಲ್ಲ.

ಇನ್ನು ಆಯ್ಕೆ. ಭಾಗಾಕಾರ, ಭಿನ್ನರಾಶಿ, ಋಣ ಸಂಖ್ಯೆಗಳಲ್ಲಿ ನಿಂತ ಮಗುವನ್ನು ಪೇಟೆಯ ನಲವತ್ತು ಐವತ್ತು ಮಕ್ಕಳ ಬ್ಯಾಚಿಗೆ ಸೇರಿಸಬೇಡಿ. ಅಲ್ಲಿಯ ಮೇಷ್ಟ್ರು ಎಷ್ಟೇ ಒಳ್ಳೆಯವರಾದರೂ ಶಾಲೆಗಿಂತ ಒಂದು ಪಾಠ ಮುಂದೆ ಓಡುವುದು ಅವರ ಕಟ್ಟುಪಾಡು. ಹಿಂದಿನದನ್ನು ಹಿಡಿಯಲು ಅವರಿಗೆ ಪುರುಸೊತ್ತಿಲ್ಲ. ಈ ಮಗುವಿಗೆ ಬೇಕಾದವರು ಹತ್ತಿರದಲ್ಲೇ ಇರುವ ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು. ಹೈಸ್ಕೂಲಿನ ಮಗುವಿಗೆ ಪ್ರೈಮರಿ ಮೇಷ್ಟ್ರೇ ಎಂದು ಮೂಗು ಮುರಿಯುವವರುಂಟು. ಭಿನ್ನರಾಶಿಯನ್ನು ಮೂವತ್ತು ವರ್ಷ ಕಲಿಸಿದವರಿಗೆ ಮಕ್ಕಳು ಎಲ್ಲೆಲ್ಲಿ ಎಡವುತ್ತಾರೆಂದು ಗೊತ್ತಿರುವಷ್ಟು ಪೇಟೆಯ ಎಂ.ಎಸ್ಸಿ. ಪದವೀಧರರಿಗೆ ಗೊತ್ತಿರಲಾರದು. ನಾಲ್ಕೈದು ಮಕ್ಕಳು, ದಿನಕ್ಕೆ ಮುಕ್ಕಾಲು ಗಂಟೆ, ವಾರಕ್ಕೆ ಐದು ದಿನ. ಒಂದು ಮಳೆಗಾಲ ಹೀಗೆ ನಡೆದರೆ ಬುನಾದಿ ಬರುತ್ತದೆಂಬುದು ನಮ್ಮ ಅಭಿಪ್ರಾಯ. ಆ ಅವಧಿಯಲ್ಲಿ ಶಾಲೆಯ ಅಂಕ ಏರದಿದ್ದರೆ ಕಂಗೆಡಬೇಡಿ.

ಲೆಕ್ಕವೆಲ್ಲ ಬರುತ್ತದೆ, ಪರೀಕ್ಷೆಯಲ್ಲಿ ಮಾತ್ರ ಕೈ ನಡುಗುತ್ತದೆ ಎಂಬ ಮಗುವಿಗೆ ಪೇಟೆಯ ಬ್ಯಾಚೇ ಸರಿ, ಅಲ್ಲಿ ಬರೆಸುವ ಅಭ್ಯಾಸವಿದ್ದರೆ. ರಾಜ್ಯದ ಎಸ್.ಎಸ್.ಎಲ್.ಸಿ.ಯಲ್ಲಿ ಗಣಿತಕ್ಕೆ 80 ಅಂಕ ಲಿಖಿತ, 20 ಆಂತರಿಕ. ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಪರೀಕ್ಷೆ ಬರೆಯಲು ಅವಕಾಶವಿರುವುದರಿಂದ ಒಂದೇ ಪೆಟ್ಟಿಗೆ ಎಲ್ಲ ಮುಗಿಯಿತೆಂಬ ಭಯಕ್ಕೂ ಕಾರಣವಿಲ್ಲ.

ಕಣದ ಲೆಕ್ಕವನ್ನೂ ಬಿಡಿಸಿದ ಮಗುವಿಗೆ ಟ್ಯೂಷನ್ ಏಕೆ? ಪಕ್ಕದ ಮನೆಯವರು ಹೋಗುತ್ತಾರೆಂಬ ಕಾರಣಕ್ಕೆ ಕಳಿಸಬೇಡಿ. ಒಳ್ಳೆಯ ಲೆಕ್ಕದ ಪುಸ್ತಕ, ವಾರಕ್ಕೊಮ್ಮೆ ಸಂಶಯ ಕೇಳಲು ಒಬ್ಬರು, ಮೊಬೈಲಿನಲ್ಲಿ ಪಾಠದ ವೀಡಿಯೊ, ಇಷ್ಟು ಸಾಕು. ವೀಡಿಯೊ ಪಾಠ ತಾನಾಗಿ ಕಲಿಯಬಲ್ಲ ಮಗುವಿಗೆ ವರ. ಹಿಂದುಳಿದ ಮಗು ಅದನ್ನು ನೋಡುತ್ತದೆ, ಅಷ್ಟೆ. ಮೇಲೆ ಹೇಳಿದ ದೆಹಲಿಯ ಪ್ರಯೋಗದಲ್ಲಿ ಕಂಪ್ಯೂಟರು ಕೆಲಸ ಮಾಡಿದ್ದು ಅದು ಮಗುವಿನ ಮಟ್ಟ ಅಳೆದು ಲೆಕ್ಕ ಕೊಡುತ್ತಿದ್ದುದರಿಂದ, ಮತ್ತು ಮಕ್ಕಳನ್ನು ಕೂರಿಸಲು ಮನುಷ್ಯರೂ ಇದ್ದುದರಿಂದ.

ಸಿ.ಬಿ.ಎಸ್.ಇ. ಶಾಲೆಗೆ ಮಕ್ಕಳನ್ನು ಕಳಿಸುವವರು ಒಂದು ವಿಷಯ ತಿಳಿದಿರಬೇಕು. 2020ರ ಪರೀಕ್ಷೆಯಿಂದ ಹತ್ತನೆಯ ತರಗತಿಯ ಗಣಿತಕ್ಕೆ 'ಸ್ಟ್ಯಾಂಡರ್ಡ್' ಮತ್ತು 'ಬೇಸಿಕ್' ಎಂದು ಎರಡು ಬಗೆಯ ಪ್ರಶ್ನೆಪತ್ರಿಕೆಗಳಿವೆ. ಪಠ್ಯ ಒಂದೇ, ಪ್ರಶ್ನೆಗಳ ಕಾಠಿಣ್ಯ ಬೇರೆ. ಮುಂದೆ ವಿಜ್ಞಾನ ಓದಿ ಇಂಜಿನಿಯರಿಂಗಿಗೆ ಹೋಗುವ ಇಚ್ಛೆಯಿದ್ದರೆ ಸ್ಟ್ಯಾಂಡರ್ಡ್ ತೆಗೆದುಕೊಳ್ಳಲಿ. ಬೇಸಿಕ್ ತೆಗೆದುಕೊಂಡರೆ ಹನ್ನೊಂದನೆಯ ತರಗತಿಯಲ್ಲಿ ಯಾವ ಗಣಿತ ಸಿಗುತ್ತದೆಂದು ನೋಂದಣಿಗೆ ಮೊದಲೇ ಶಾಲೆಯಲ್ಲಿ ವಿಚಾರಿಸಿ. ಟ್ಯೂಷನ್ ಮೇಷ್ಟ್ರಿಗೂ ಯಾವುದೆಂದು ತಿಳಿಸಿ.

ಫೀಸು ಕಟ್ಟುವ ಮೊದಲು ಮೇಷ್ಟ್ರನ್ನು ಒಂದೇ ಪ್ರಶ್ನೆ ಕೇಳಿ: "ನಮ್ಮ ಮಗುವಿಗೆ ಎಲ್ಲಿಂದ ಶುರುಮಾಡುತ್ತೀರಿ?" ನೀವು ಜೋಪಾನ ಮಾಡಿದ ಹಾಳೆಯನ್ನು ತೋರಿಸಿ. ಅದನ್ನು ಓದಿ ನೋಡುವವರು ನಮಗೆ ಬೇಕಾದವರು. ಒಂದು ತಿಂಗಳಾದ ಮೇಲೆ ಮಗುವಿನ ನೋಟುಪುಸ್ತಕ ತೆಗೆದು ನೋಡಿ. ಎಲ್ಲ ಲೆಕ್ಕವೂ ಅಂದವಾಗಿ, ಒಂದೂ ತಪ್ಪಿಲ್ಲದೆ ಇದ್ದರೆ ಸಂತೋಷಪಡಬೇಡಿ. ಅದು ಬೋರ್ಡಿನಿಂದ ಇಳಿಸಿಕೊಂಡದ್ದು. ಕಲಿಯುವ ಮಗುವಿನ ಪುಸ್ತಕದಲ್ಲಿ ಹೊಡೆದುಹಾಕಿದ ಸಾಲುಗಳೂ ಮೇಷ್ಟ್ರ ಕೆಂಪು ಗುರುತೂ, ಪಕ್ಕದಲ್ಲಿ ತಿದ್ದಿ ಮಾಡಿದ ಲೆಕ್ಕವೂ ಇರುತ್ತವೆ.

ಶಾಲೆಯ ಶಿಕ್ಷಕರನ್ನೇ ದುಡ್ಡು ಕೊಟ್ಟು ಮನೆಪಾಠಕ್ಕೆ ಒತ್ತಾಯಿಸುವುದು ಸರಿಯಲ್ಲ. ಒಂದರಿಂದ ಎಂಟನೆಯ ತರಗತಿಯವರೆಗಿನ ಶಿಕ್ಷಣ ಹಕ್ಕಿನ 2009ರ ಕಾಯಿದೆಯ 28ನೆಯ ಕಲಮು ಶಿಕ್ಷಕರು ಖಾಸಗಿ ಪಾಠ ಹೇಳುವುದನ್ನು ನಿಷೇಧಿಸಿದೆ. ಮಗು ಎಲ್ಲಿ ಹಿಂದಿದೆಯೆಂದು ಅವರನ್ನು ಕೇಳುವುದಕ್ಕೆ ನಿಷೇಧವಿಲ್ಲ, ಖರ್ಚೂ ಇಲ್ಲ.

ಎಂಟನೆಯ ತರಗತಿಯಿಂದಲೇ ನೀಟ್, ಜೆ.ಇ.ಇ. 'ಫೌಂಡೇಶನ್' ಎಂದು ಎರಡು ಮೂರು ವರ್ಷದ ಫೀಸನ್ನು ಒಟ್ಟಿಗೆ ಕೇಳುವವರು ನಮ್ಮ ತಾಲ್ಲೂಕು ಕೇಂದ್ರಗಳಿಗೂ ಬಂದಿದ್ದಾರೆ. 2024ರ ಜನವರಿಯಲ್ಲಿ ಕೇಂದ್ರ ಶಿಕ್ಷಣ ಮಂತ್ರಾಲಯ ಹೊರಡಿಸಿದ ಮಾರ್ಗಸೂಚಿಯು ಹದಿನಾರು ವರ್ಷದೊಳಗಿನವರನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದೆಂದೂ, ನಡುವೆ ಬಿಟ್ಟವರಿಗೆ ಉಳಿದ ಅವಧಿಯ ಫೀಸನ್ನು ಹತ್ತು ದಿನದೊಳಗೆ ಹಿಂದಿರುಗಿಸಬೇಕೆಂದೂ ಹೇಳಿದೆ. ಭಿನ್ನರಾಶಿ ಬಾರದ ಮಗುವಿಗಂತೂ ಈ ಫೌಂಡೇಶನ್ನು ಬುನಾದಿಯಿಲ್ಲದ ಮಹಡಿ.

ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಪೇಟೆಯ ಟ್ಯೂಷನ್ ಮುಗಿಸಿ ಕೊನೆಯ ಬಸ್ಸಿಳಿದು, ಆನೆ ಓಡಾಡುವ ದಾರಿಯಲ್ಲಿ ಕತ್ತಲಲ್ಲಿ ನಡೆದು ಬರುವ ಮಗು ಮನೆಯಲ್ಲಿ ಮತ್ತೆ ಪುಸ್ತಕ ತೆರೆಯುವುದಿಲ್ಲ. ಇದೇ ನೆಪದಿಂದ ಹುಡುಗನನ್ನು ಮಾತ್ರ ಕಳಿಸಿ ಹುಡುಗಿಯನ್ನು ಮನೆಯಲ್ಲಿ ಉಳಿಸಿಕೊಳ್ಳುವವರಿದ್ದಾರೆ. ಊರಿನಲ್ಲೇ ನಾಲ್ಕು ಮನೆಯವರು ಸೇರಿ ಒಬ್ಬ ಮೇಷ್ಟ್ರನ್ನು ಗೊತ್ತುಮಾಡಿಕೊಂಡರೆ ಹುಡುಗಿಯರಿಗೂ ಲೈನ್ ಮನೆಯ ಮಕ್ಕಳಿಗೂ ಅನುಕೂಲ. ಕೊಯ್ಲು ಶುರುವಾದ ಮೇಲೆ ಯಾರಿಗೂ ಬಿಡುವಿಲ್ಲ. ಆದ್ದರಿಂದ ಈ ಏರ್ಪಾಡನ್ನು ಶಾಲೆ ತೆರೆಯುವ ಹೊತ್ತಿಗೇ ಮಾಡಿಕೊಳ್ಳುವುದು ಲೇಸು.

ಮೇಲಿನ ಲೆಕ್ಕಗಳನ್ನು ಉತ್ತರ ಸಮೇತ ಒಂದು ಹಾಳೆಯಲ್ಲಿ ಅಚ್ಚು ಮಾಡಿಸಿ ಸಂಘದ ಗೊಬ್ಬರ ಮಾರಾಟದ ಕೌಂಟರಿನಲ್ಲಿ ಇಟ್ಟಿದ್ದೇವೆ. ಸದಸ್ಯರು ಕೇಳಿ ಪಡೆಯಬಹುದು. ಉತ್ತರಗಳು ಹಿಂಬದಿಯಲ್ಲಿವೆ, ಮಕ್ಕಳ ಕೈಗೆ ಕೊಡುವಾಗ ಗಮನವಿರಲಿ.